ಕೋಳಿ ರೆಕ್ಕೆಯನ್ನು ಮಸಾಲೆಯಲ್ಲಿ ನೆನೆಸಬೇಡಿ: ಮಣಿಪಾಲದ ನನ್ನ ಅನುಭವ

ಕಬಾಬ್ ಅಂಗಡಿ ನಡೆಸುವವರಿಗೆ ಹೇಳುತ್ತಿದ್ದೇನೆ, ಮನೆಯಲ್ಲಿ ಮಾಡಿಕೊಳ್ಳುವವರೂ ಓದಬಹುದು. ಕೋಳಿ ರೆಕ್ಕೆಗೆ ಮಸಾಲೆ ಹಚ್ಚಿ ನೆನೆಸುವುದನ್ನು ಬಿಡಿ. ಈ ಮಾತು ಕೇಳಿ ನಕ್ಕವರೇ ಹೆಚ್ಚು. ಈಗ ಶನಿವಾರ ರಾತ್ರಿ ಎಂಟೂವರೆ ದಾಟಿ ಬಂದವರಿಗೆ ನಮ್ಮಲ್ಲಿ ರೆಕ್ಕೆ ಸಿಗುವುದಿಲ್ಲ, ಕಬಾಬ್ ಇದೆ, ಕೊಡ್ಲಾ ಅಂತ ಕೇಳುವ ಪರಿಸ್ಥಿತಿ. ಹಾಗಾಗಿ ಬರೆಯುವ ಧೈರ್ಯ ಬಂತು.

ನಾನು ಕುಂದಾಪುರದ ಕಡೆಯವನು. ನಮ್ಮ ಕರಾವಳಿಯ ಎಷ್ಟೋ ಹುಡುಗರ ಹಾಗೆ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಕೆಲವು ವರ್ಷ ದುಡಿದು, 2020ರಲ್ಲಿ ಕೋವಿಡ್ ಬಂದು ಪ್ರವಾಸಿ ಹಡಗುಗಳೆಲ್ಲ ನಿಂತಾಗ ಊರಿಗೆ ಬಂದವನು. ಆಮೇಲೆ ಮಣಿಪಾಲದಲ್ಲಿ ಸಂಜೆ ಮಾತ್ರ ತೆರೆಯುವ ಒಂದು ಸಣ್ಣ ಅಂಗಡಿ ಹಾಕಿದೆ. ಹಡಗಿನಲ್ಲಿ ರೆಕ್ಕೆ ಕರಿದು ಕರಿದು ಕೈ ಪಳಗಿತ್ತು. ಅಲ್ಲಿ ಪೆಟ್ಟಿಗೆ ಒಡೆದರೆ ಒಂದೇ ಅಳತೆಯ, ಚರ್ಮ ಹರಿಯದ ರೆಕ್ಕೆ, ಎಣ್ಣೆ ಎಷ್ಟು ಡಿಗ್ರಿ ಅಂತ ಮಶೀನೇ ತೋರಿಸುತ್ತದೆ. ಇಲ್ಲಿ ಬಂದು ಅದೇ ಮಾಡಲು ಹೋದರೆ ಒಂದೂ ಸರಿ ಬರಲಿಲ್ಲ.

ನನ್ನ ಜೊತೆ ಇರುವ ಅಡುಗೆಯ ಅಣ್ಣ ಮೂವತ್ತು ವರ್ಷ ಹೋಟೆಲಿನ ಬೆಂಕಿ ಕಂಡವರು. ಮೊದಲ ದಿನ ಬರೀ ಉಪ್ಪು ಸವರಿದ ರೆಕ್ಕೆ ನೋಡಿ, "ಮಸಾಲಿ ಹಚ್ದೆ ಕೋಳಿ ಕರೂಕ್ ಆತ್ತಾ ಮಾರಾಯಾ? ಮರ್ಲಾ ನಿಂಗೆ?" ಅಂದರು, ಹುಚ್ಚಾ ನಿನಗೆ ಅಂತ. ಪಕ್ಕದ ಅಂಗಡಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೆಕ್ಕೆಗೆ ದುಡ್ಡು ಕೊಡುವವರು ಯಾರು, ಸಾರಿಗೆ ಹಾಕಿದರೂ ಜನ ಬದಿಗಿಡ್ತಾರೆ ಅಂದರು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ. ನಮ್ಮಲ್ಲಿ ರೆಕ್ಕೆಗೆ ಬೆಲೆ ಬರುವುದು ಬಾರ್ ಎಂಡ್ ರೆಸ್ಟೋರೆಂಟಿನಲ್ಲಿ ಲಾಲಿಪಾಪ್ ಆದಾಗ. ಭುಜದ ತುಂಡಿನ ಮಾಂಸವನ್ನು ಕೆಳಗೆ ಒತ್ತಿ ಉಂಡೆ ಮಾಡಿ, ಕೆಂಪು ಹಿಟ್ಟಿನಲ್ಲಿ ಮುಳುಗಿಸಿ ಕರಿದರೆ ಮುಗಿಯಿತು. ರೆಕ್ಕೆಯ ನಿಜವಾದ ಸುಖ ಚರ್ಮದಲ್ಲಿದೆ. ಲಾಲಿಪಾಪಿನಲ್ಲಿ ಹೆಚ್ಚಾಗಿ ಚರ್ಮವೇ ಇರುವುದಿಲ್ಲ.

ಮೊದಲ ತೊಂದರೆ ಮಾಲಿನದ್ದು. ಒಂದು ಕೋಳಿಗೆ ಎರಡೇ ರೆಕ್ಕೆ. ದಿನಕ್ಕೆ ಹತ್ತು ಕೆ.ಜಿ. ಬೇಕೆಂದರೆ ಚಿಕನ್ ಸ್ಟಾಲಿನವರು ಐವತ್ತು ಅರವತ್ತು ಕೋಳಿ ಕೊಯ್ಯಬೇಕು. ಅದೂ 'ವಿತ್ ಸ್ಕಿನ್' ಆಗಬೇಕು. ಸ್ಕಿನ್‌ಲೆಸ್ ಕೇಳುವ ಗಿರಾಕಿ ಬಂದರೆ ಅವರು ಪುಕ್ಕ, ಚರ್ಮ ಎರಡನ್ನೂ ಒಂದೇ ಎಳೆತಕ್ಕೆ ಕಿತ್ತು ಬಿಸಾಡುತ್ತಾರೆ, ಆ ಕೋಳಿಯ ರೆಕ್ಕೆ ನಮಗೆ ಬರುವುದಿಲ್ಲ. ವಿತ್ ಸ್ಕಿನ್ ಆದರೂ ಬಿಸಿನೀರಿನಲ್ಲಿ ಅದ್ದುವಾಗ ನೀರು ತೀರಾ ಕುದಿಯುತ್ತಿದ್ದರೆ ಚರ್ಮ ಅರ್ಧ ಬೆಂದು, ಪುಕ್ಕ ತೆಗೆಯುವ ಡ್ರಮ್ಮಿನಲ್ಲಿ ಮೊಣಕೈ ಹತ್ತಿರ ಹರಿಯುತ್ತದೆ. ಹರಿದ ಚರ್ಮ ಬಾಣಲೆಗೆ ಬಿದ್ದರೆ ಹಿಂದೆ ಸರಿಯುತ್ತದೆ, ಮಾಂಸ ಬಯಲಾಗಿ ಒಣಗುತ್ತದೆ, ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಸ್ಟಾಲಿನವರ ಹತ್ತಿರ ನಿಂತು ನೀರಿಗೆ ಒಂದು ಚೊಂಬು ತಣ್ಣೀರು ಸೇರಿಸಿ, ಅದ್ದುವ ಹೊತ್ತು ಸ್ವಲ್ಪ ಹೆಚ್ಚು ಮಾಡಿ ಅಂತ ಒಪ್ಪಿಸಲು ಒಂದು ಮಳೆಗಾಲ ಹೋಯಿತು. ಕೆ.ಜಿ.ಗೆ ಹತ್ತು ರೂಪಾಯಿ ಜಾಸ್ತಿ ಕೊಡ್ತೇನೆ ಅಂದ ಮೇಲೆ ಕಿವಿಗೆ ಹೋಯಿತು ಅನ್ನಿ.

ಉಳಿದ ಪುಕ್ಕದ ಬುಡಗಳಿಗೆ ಹಳೇ ಮದ್ದೇ ಸರಿ. ಊರ ಕೋಳಿಗೆ ಮಾಡುವ ಹಾಗೆ ಚಿಟಿಕೆ ಅರಿಶಿನ ಹಚ್ಚಿ ಬೆಂಕಿ ಮೇಲೆ ಎರಡು ಸಲ ಆಡಿಸುವುದು. ಆಮೇಲೆ ತೊಳೆದು, ಕೀಲಿಗೆ ಕತ್ತಿ ಇಟ್ಟು ಮೂರು ಭಾಗ. ಭುಜದ ಕಡೆಯ ತುಂಡು ಡ್ರಮೆಟ್, ನಡುವಿನ ಎರಡೆಲುಬಿನದ್ದು ಫ್ಲ್ಯಾಟ್, ಇವೆರಡೂ ಪ್ಲೇಟಿಗೆ, ತುದಿ ಸಾರಿನ ಪಾತ್ರೆಗೆ. ತುದಿ ಬೇಯಿಸಿದ ನೀರು ತಣ್ಣಗಾದರೆ ಅಂಟಂಟಾಗಿ ಗಟ್ಟಿಯಾಗುತ್ತದೆ. ನಮ್ಮ ಕೋಳಿ ಸಾರಿಗೆ ಈಗ ಬೇರೆ ಮೈ ಬಂದಿದೆ, ಅದನ್ನು ಕುಡಿಯಲೆಂದೇ ನೀರ್ ದೋಸೆ ತಗೊಳ್ಳುವವರಿದ್ದಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದ ಒಂದು ಕೆ.ಜಿ. ರೆಕ್ಕೆಗೆ ಎರಡು ಟೀ ಚಮಚ ಪುಡಿ ಉಪ್ಪು, ತಲೆ ಸವರಿದ ಎರಡು ಟೀ ಚಮಚ ಬೇಕಿಂಗ್ ಪೌಡರ್. ಅಷ್ಟೇ. ಜಾಲರಿ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ, ಮುಚ್ಚದೆ, ಇಡೀ ರಾತ್ರಿ ಕೂಲರಿನಲ್ಲಿ, ಅಂದರೆ ಅಂಗಡಿಯ ಫ್ರಿಜ್ಜಿನಲ್ಲಿ, ಇಡಬೇಕು. ಬೆಳಿಗ್ಗೆ ಮುಟ್ಟಿದರೆ ಚರ್ಮ ಕಾಗದ ಮುಟ್ಟಿದ ಹಾಗಿರುತ್ತದೆ, ಬೆರಳಿಗೆ ಪಸೆ ಹತ್ತುವುದಿಲ್ಲ. ಹತ್ತಿದರೆ ಇನ್ನೂ ನಾಲ್ಕು ಗಂಟೆ ಬಿಡಿ. ಬೇಕಿಂಗ್ ಪೌಡರ್ ಇಲ್ಲ ಅಂತ ಅಡುಗೆ ಸೋಡಾ ಹಾಕಬೇಡಿ. ಒಮ್ಮೆ ನಮ್ಮ ಹುಡುಗ ಹಾಕಿದ, ಬಣ್ಣ ಬಂಗಾರದಂತೆ ಬಂತು, ಬಾಯಿಗಿಟ್ಟರೆ ಸೋಪು. ನಾಲ್ಕೈದು ಕೆ.ಜಿ. ಮಣ್ಣಿಗೆ ಹೋಯಿತು. ನಾಯಿಗಳೂ ಮೂಸಿ ಬಿಟ್ಟವು.

ಕರಿಯುವುದು ಎರಡು ಸಲ. ಮೊದಲು 140 ಡಿಗ್ರಿ ಆಸುಪಾಸಿನಲ್ಲಿ, ಎಣ್ಣೆ ಮೆಲ್ಲಗೆ ಗುಳುಗುಳು ಅನ್ನುವಷ್ಟೇ ಬಿಸಿಯಲ್ಲಿ, ಹನ್ನೆರಡು ಹದಿನೈದು ನಿಮಿಷ. ಎದೆ ಮಾಂಸದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎದೆ 74 ಡಿಗ್ರಿ ದಾಟಿದರೆ ಒಣಗುತ್ತದೆ, ರೆಕ್ಕೆ ಒಳಗೆ 85–90 ಮುಟ್ಟಿದಾಗಲೇ ಕೀಲಿನ ಅಂಟು ಕರಗಿ ಮಾಂಸ ಎಲುಬು ಬಿಡುತ್ತದೆ. ತೆಗೆದು ಆರಿಸಿ ಮತ್ತೆ ಕೂಲರಿಗೆ. ಗಿರಾಕಿ ಬಂದು ಹೇಳಿದ ಮೇಲೆ 190ರಲ್ಲಿ ಎರಡು ಮೂರು ನಿಮಿಷ. ಜಾಲರಿ ಸೌಟಿನಲ್ಲಿ ಎತ್ತಿ ಕುಲುಕಿದರೆ ಒಣಗಿದ ಹಲಸಿನ ಹಪ್ಪಳದ ಸದ್ದು ಬರಬೇಕು. ಆರ್ಡರ್ ಕೊಟ್ಟು ಐದು ನಿಮಿಷದಲ್ಲಿ ಪ್ಲೇಟು ಮೇಜಿಗೆ. ಹಸಿಯಿಂದ ಕರಿದುಕೊಡಲು ಹೊರಟಿದ್ದರೆ ನಾನು ಈ ವ್ಯಾಪಾರ ಎಂದೋ ಮುಚ್ಚುತ್ತಿದ್ದೆ.

ಮಸಾಲೆ ಹಚ್ಚಿ ನೆನೆಸಿದರೆ ಇದ್ಯಾವುದೂ ಆಗುವುದಿಲ್ಲ. ಮಸಾಲೆಯ ನೀರು ಚರ್ಮಕ್ಕೆ ಇಳಿಯುತ್ತದೆ, ಮೆಣಸಿನ ಪುಡಿ ಮೊದಲ ಕರಿತದಲ್ಲೇ ಕಪ್ಪಾಗುತ್ತದೆ, ಎರಡನೆಯ ಸಲಕ್ಕೆ ಎಣ್ಣೆಯೇ ಕೆಡುತ್ತದೆ. ಮೊದಲ ತಿಂಗಳು ಅಣ್ಣನ ಮಾತಿಗೆ ಕಟ್ಟುಬಿದ್ದು ಅರ್ಧ ಮಾಲನ್ನು ಅವರ ರೀತಿ, ಅರ್ಧವನ್ನು ನನ್ನ ರೀತಿ ಮಾಡಿದೆವು. ಅವರ ಬಾಣಲೆಗೆ ಎರಡು ದಿನಕ್ಕೊಮ್ಮೆ ಹೊಸ ಎಣ್ಣೆ, ನನ್ನದಕ್ಕೆ ನಾಲ್ಕು ದಿನಕ್ಕೊಮ್ಮೆ. ಎಣ್ಣೆಯ ಡಬ್ಬಕ್ಕೆ ಎರಡು ಸಾವಿರದ ಹತ್ತಿರ ಇದ್ದ ಕಾಲ. ರುಚಿಗಿಂತ ಮೊದಲು ಆ ಲೆಕ್ಕವೇ ಅವರ ಬಾಯಿ ಮುಚ್ಚಿಸಿತು.

ರುಚಿ ಎಲ್ಲಿಂದ ಅಂತ ಕೇಳುತ್ತೀರಿ. ಮೇಲಿನಿಂದ. ಅಮೆರಿಕದ ಬಫಲೋ ಊರಿನ ಆ್ಯಂಕರ್ ಬಾರಿನಲ್ಲಿ 1964ರಲ್ಲಿ ಟೆರೆಸಾ ಬೆಲ್ಲಿಸಿಮೊ ಎಂಬಾಕೆ ಶುರು ಮಾಡಿದರು ಅಂತ ಹೇಳುವ ರೆಕ್ಕೆಯೂ ಹೀಗೆಯೇ, ಹಿಟ್ಟಿಲ್ಲದೆ ಕರಿದು, ಆಮೇಲೆ ಸಾಸಿನಲ್ಲಿ ಹೊರಳಿಸಿದ್ದು. ಅದೇ ಊರಿನ ಜಾನ್ ಯಂಗ್ ಇಡೀ ರೆಕ್ಕೆಗೆ ಹಿಟ್ಟು ಹಚ್ಚಿ ಕರಿದು ತಮ್ಮದೇ ಸಾಸಿನಲ್ಲಿ ಮಾರುತ್ತಿದ್ದರು, ನಾನೇ ಮೊದಲು ಅಂತ ಅವರ ವಾದ. ಆ ಜಗಳ ನಮಗೆ ಬೇಡ. ಆ ಬಫಲೋ ಸಾಸಿನಲ್ಲಿ ಇರುವುದೇನು? ಬೆಣ್ಣೆ, ವಿನೆಗರಿನ ಹುಳಿ, ಮೆಣಸು. ನಮ್ಮ ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಊರೂರಿಗೆ ಹೆಸರು ಮಾಡಿದ ಘೀ ರೋಸ್ಟಿನಲ್ಲಿ ಇರುವುದೇನು? ತುಪ್ಪ, ಹುಣಸೆ ಹುಳಿ, ಬ್ಯಾಡಗಿ ಮೆಣಸು. ಹಡಗಿನಲ್ಲಿ ಬಾಟಲಿ ಸಾಸಿಗೆ ಬೆಣ್ಣೆ ಕಲಸುತ್ತಿದ್ದಾಗಲೇ ಇದು ನನ್ನ ತಲೆಗೆ ಹೊಕ್ಕಿತ್ತು.

ಮಸಾಲೆ ಹೇಗೆಂದು ನಿಮಗೆ ಗೊತ್ತು: ಬ್ಯಾಡಗಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚೂರೇ ಚೂರು ಮೆಂತೆ, ಬೆಳ್ಳುಳ್ಳಿ, ಹುಳಿ, ಬೆಲ್ಲ. ಇನ್ನೊಂದು ವಸ್ತು ಬೀಳುತ್ತದೆ, ಅದನ್ನು ನಮ್ಮ ಅಣ್ಣನಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಆದರೆ ಕೋಳಿ ಘೀ ರೋಸ್ಟಿನ ಮಸಾಲೆಯನ್ನು ಹಾಗೆಯೇ ತಂದು ರೆಕ್ಕೆಗೆ ಹಾಕಿದರೆ ಎರಡು ನಿಮಿಷದಲ್ಲಿ ಚರ್ಮ ಒದ್ದೆ ಬಟ್ಟೆ ಆಗುತ್ತದೆ. ಮೊಸರು ಹಾಕಲೇಬಾರದು. ರುಬ್ಬುವಾಗಿನ ನೀರೆಲ್ಲ ಹಾರಿ, ಬಾಣಲೆಯ ಅಂಚಿನಲ್ಲಿ ತುಪ್ಪ ಬಿಟ್ಟು, ಮಸಾಲೆ ಸೌಟಿನ ಹಿಂದೆ ಮರಳಿನ ಹಾಗೆ ಓಡುವವರೆಗೆ ಹುರಿಯಬೇಕು. ಐದು ಕೆ.ಜಿ. ರೆಕ್ಕೆಯ ಮಸಾಲೆಗೆ ಮುಕ್ಕಾಲು ಗಂಟೆ ಕೈ ಆಡಿಸಬೇಕಾಗುತ್ತದೆ. ಬೇಕೆಂದಾಗ ಒಂದು ಚಮಚ ತೆಗೆದು ಬಿಸಿ ತುಪ್ಪದಲ್ಲಿ ಸಡಿಲ ಮಾಡಿ, ಸ್ಟೀಲ್ ಬಟ್ಟಲಿನಲ್ಲಿ ಬಿಸಿ ರೆಕ್ಕೆಯ ಮೇಲೆ ಸುರಿದು ನಾಲ್ಕು ಸಲ ಎಸೆದು ಹಿಡಿದರೆ ಆಯಿತು. ಸೌಟು ಹಾಕಬೇಡಿ, ಚರ್ಮ ಒಡೆಯುತ್ತದೆ.

2024ರ ಜೂನಿನಲ್ಲಿ ಸರಕಾರ ಚಿಕನ್ ಕಬಾಬಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧ ತಂದಾಗ ಸುತ್ತಲಿನ ಅಂಗಡಿಗಳ ಕಬಾಬ್ ರಾತ್ರೋರಾತ್ರಿ ಬಿಳಚಿಕೊಂಡಿತು. ನನ್ನ ರೆಕ್ಕೆ ಇದ್ದ ಹಾಗೇ ಇತ್ತು. ಬ್ಯಾಡಗಿಯ ಕೆಂಪಿಗೆ ತುಪ್ಪ ಸೇರಿದರೆ ಡಬ್ಬಿ ಬಣ್ಣ ಯಾಕೆ? ಅವತ್ತಿನಿಂದ ನನ್ನ ವ್ಯಾಪಾರ ಏರಿತು, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಆರು ತುಂಡಿನ ಪ್ಲೇಟಿಗೆ ಮೂರು ರೆಕ್ಕೆ, ಅಂದರೆ ಕಾಲು ಕೆ.ಜಿ. ಚಿಲ್ಲರೆ. ಕೆ.ಜಿ.ಗೆ 180ರಂತೆ ಹಿಡಿದರೆ ನಲವತ್ತೈದು ರೂಪಾಯಿ. ತುಪ್ಪ, ಮಸಾಲೆ ಇಪ್ಪತ್ತೆರಡು ಇಪ್ಪತ್ಮೂರು. ಎಣ್ಣೆ, ಗ್ಯಾಸು ಹದಿನೈದು. ಪ್ಲೇಟು, ಕಾಗದ, ಸೌತೆಕಾಯಿ ಏಳೆಂಟು. ತೊಂಬತ್ತಕ್ಕೆ ಬಂತು. ಮಾರುವುದು 160ಕ್ಕೆ. ಬಾಡಿಗೆ, ಹುಡುಗರ ಸಂಬಳ ಉಳಿದ ಎಪ್ಪತ್ತರಲ್ಲೇ ಏಳಬೇಕು. ಕಬಾಬಿನಲ್ಲಿ ನನಗೆ ಪ್ಲೇಟಿಗೆ ನಲವತ್ತೂ ಉಳಿಯುತ್ತಿರಲಿಲ್ಲ. ಎರಡನೆಯ ಕೂಲರು ಹಳೆಯದನ್ನೇ ತಗೊಂಡೆ, ಹದಿನೆಂಟು ಸಾವಿರವೋ ಇಪ್ಪತ್ತೋ ಆಯಿತು. ಅದಿಲ್ಲದೆ ಒಣಗಿಸುವ ಕೆಲಸ ಆಗುವುದಿಲ್ಲ. ಮನೆಯ ಫ್ರಿಜ್ಜಿನಲ್ಲಿ ಒಂದು ವಾರ ಪ್ರಯತ್ನಿಸಿದಾಗ ಹಾಲಿಗೆಲ್ಲ ಕೋಳಿ ವಾಸನೆ ಅಂತ ಹೆಂಡತಿ ಜಾಲರಿ ಸಮೇತ ಹೊರಗಿಟ್ಟಳು.

ಮನೆಯಲ್ಲಿ ಮಾಡುವವರು ಒಂದೇ ಕೆ.ಜಿ. ಮಾಡಿ. ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿ, ಅಡಿಗೆ ತಟ್ಟೆ ಕೊಟ್ಟು ಇಡಿ, ಹಸಿ ಕೋಳಿಯ ನೀರು ಬೇರೆಯದರ ಮೇಲೆ ತೊಟ್ಟಿಕ್ಕಬಾರದು. ಎರಡು ಸಲ ಕರಿಯುವ ಎಣ್ಣೆ ಮನೆಗೆ ದುಬಾರಿ. ಓಟಿಜಿ, ಅಂದರೆ ಮನೆಯ ಕರೆಂಟಿನ ಓವನ್, ಇದ್ದರೆ 120 ಡಿಗ್ರಿಯಲ್ಲಿ ಅರ್ಧ ಗಂಟೆ, ಆಮೇಲೆ 220ಕ್ಕೆ ಏರಿಸಿ ನಲವತ್ತು ನಿಮಿಷ, ನಡುವೆ ಒಮ್ಮೆ ಮಗುಚಿ. ಕರಿದದ್ದರ ಮುಕ್ಕಾಲು ಪಾಲು ಗರಿಗರಿ ಖಂಡಿತ ಬರುತ್ತದೆ. ಭಾವನ ಮನೆಯ ಏರ್ ಫ್ರೈಯರಿನಲ್ಲೂ ನೋಡಿದೆ, ಚೆನ್ನಾಗಿಯೇ ಬಂತು, ಆದರೆ ಸಲಕ್ಕೆ ಎಂಟೇ ತುಂಡು ಹಿಡಿಯುತ್ತದೆ. ನೆಂಟರು ನಾಲ್ಕು ಜನ ಬಂದರೆ ಕೊನೆಯವನಿಗೆ ಸಿಗುವಾಗ ಮೊದಲನೆಯವನು ಕೈ ತೊಳೆದಿರುತ್ತಾನೆ.

ಬೇರೆ ಪ್ರಯೋಗಗಳೂ ಆದವು. ಅಕ್ಕಿ ಹಿಟ್ಟು ತೆಳ್ಳಗೆ ಉದುರಿಸಿದರೆ ಗರಿಗರಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ತುಪ್ಪದ ಮಸಾಲೆ ಹಿಟ್ಟಿಗೆ ಹೀರಿಕೊಂಡು ಬಾಯಿಗೆ ಮಂಕು. ಪುನರ್ಪುಳಿ (ಕೋಕಂ) ಸಿಪ್ಪೆ ಕುದಿಸಿ ಬೆಲ್ಲ ಹಾಕಿ ಮಾಡಿದ ಪಾಕ ನನಗೆ ಬಹಳ ಹಿಡಿಸಿತು, ಗಿರಾಕಿಗಳಿಗೆ ಹಿಡಿಸಲಿಲ್ಲ, ಜ್ಯೂಸ್ ಸುರಿದಿದ್ದೀರಾ ಅಂದರು. ಸೂಜಿ ಮೆಣಸನ್ನು ಉಪ್ಪಿನಲ್ಲಿ ಹುದುಗಿಸಿ ವಿನೆಗರ್ ಹಾಕಿ ಅರೆದ ಸಾಸ್ ಮಾತ್ರ ಗೆದ್ದಿತು. ಅದಕ್ಕೆ ಬೆಣ್ಣೆ ಸೇರಿಸಿ 'ಖಾರ ಜಾಸ್ತಿ' ಅಂತ ಬರೆದು ಇಟ್ಟಿದ್ದೇನೆ, ಹಾಸ್ಟೆಲ್ ಹುಡುಗರು ಪಂಥ ಕಟ್ಟಿ ತಿನ್ನುತ್ತಾರೆ. ಎಷ್ಟು ದಿನ ಹುದುಗಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಅಮೆರಿಕದಲ್ಲಿ ಜೊತೆಗೆ ಕೊಡುವ ಬ್ಲೂ ಚೀಸು, ಸೆಲರಿ ಇಲ್ಲಿ ತರಿಸಿದರೆ ಅಂಗಡಿ ಮಾರಬೇಕಾದೀತು. ಗಟ್ಟಿ ಹುಳಿ ಮೊಸರಿಗೆ ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಪಕ್ಕಕ್ಕೆ ಸೌತೆಕಾಯಿ ಸೀಳು.

ಹೊರಗೆ ತಿನ್ನಲು ಹೋದಾಗ ನಾನು ನೋಡುವುದು ಎರಡೇ. ತಟ್ಟೆಯ ಅಡಿಯಲ್ಲಿ ಸಾಸು ನಿಂತಿದೆಯೇ, ಫ್ಲ್ಯಾಟಿನ ಎರಡು ಎಲುಬು ಸಲೀಸಾಗಿ ಬರುತ್ತವೆಯೇ. ಫ್ಲ್ಯಾಟಿನ ತುದಿಯ ಮೃದು ಎಲುಬು ಮುರಿದು, ತೆಳ್ಳಗಿನದನ್ನು ತಿರುವಿ ಎಳೆಯಿರಿ, ಆಮೇಲೆ ದಪ್ಪದ್ದು. ಉಳಿದದ್ದು ಒಂದೇ ತುತ್ತು. ಎಲುಬಿಗೆ ಮಾಂಸ ಅಂಟಿಕೊಂಡು ಬಂದರೆ ಬೇಗ ಬೇಗ ಒಂದೇ ಸಲ ಕರಿದಿದ್ದಾರೆ ಅಂತ ಲೆಕ್ಕ. ಬೆಂಗಳೂರಿನ ಒಂದು ಪಬ್ಬಿನಲ್ಲಿ ಆರು ತುಂಡಿಗೆ ನಾನೂರಕ್ಕಿಂತ ಮೇಲೆ ಕೊಟ್ಟು ತಿಂದೆ, ಚರ್ಮ ರಬ್ಬರ್, ಸಾಸ್ ಬಾಟಲಿಯದ್ದು. ಆ ದುಡ್ಡಿಗೆ ನಮ್ಮಲ್ಲಿ ಎರಡೂವರೆ ಪ್ಲೇಟು ಬರುತ್ತಿತ್ತು. 1995ರಲ್ಲಿ ಕೆಎಫ್‌ಸಿ ದೇಶದಲ್ಲೇ ಮೊದಲ ಅಂಗಡಿ ತೆರೆದದ್ದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ. ಅದರ ಹಾಟ್ ವಿಂಗ್ಸ್ ಹಿಟ್ಟಿನ ಕವಚದ ಜಾತಿ, ಅದರ ಗರಿಗರಿ ಬೇರೆ. ಅದನ್ನೇ ರೆಕ್ಕೆ ಅಂತ ತಿಳಿದು ಬಂದ ಹುಡುಗರು ಮೊದಲ ಸಲ ನನ್ನ ತಟ್ಟೆ ನೋಡಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಮಳೆಗಾಲ ನನಗೆ ಈಗಲೂ ಪೂರ್ತಿ ಒಗ್ಗಿಲ್ಲ. ಜುಲೈಯಲ್ಲಿ ಗಾಳಿಯೇ ಒದ್ದೆ, ಕೂಲರಿನ ಬಾಗಿಲು ನಾಲ್ಕು ಸಲ ತೆಗೆದರೆ ರೆಕ್ಕೆಯ ಮೇಲೆ ಬೆವರು. ಹಾಗಾಗಿ ಒಣಗಿಸುವ ಕೂಲರಿಗೆ ಬೀಗ ಹಾಕಿಟ್ಟು, ನೀರಿನ ಬಾಟಲಿಗಳನ್ನೆಲ್ಲ ಬೇರೆ ಕಡೆ ಸಾಗಿಸಿದೆ. ಪಾರ್ಸೆಲ್ ಇನ್ನೂ ಕಷ್ಟ. ಮುಚ್ಚಿದ ಡಬ್ಬಿಯಲ್ಲಿ ಹತ್ತು ನಿಮಿಷಕ್ಕೆ ಆವಿ ಕಟ್ಟಿ ಎಲ್ಲ ಹಾಳು. ಈಗ ಕಾಗದದ ಪೊಟ್ಟಣ, ಮೇಲೆ ನಾಲ್ಕು ತೂತು, ಮಸಾಲೆ ತುಪ್ಪ ಪುಟ್ಟ ಡಬ್ಬಿಯಲ್ಲಿ ಬೇರೆ. ಮನೆಗೆ ಹೋಗಿ ನೀವೇ ಕಲಸಿಕೊಳ್ಳಿ ಅಂತ ಚೀಟಿ ಅಂಟಿಸುತ್ತೇವೆ. ಉಡುಪಿ ಬಸ್ ಸ್ಟ್ಯಾಂಡಿನವರೆಗೆ ಇದು ನಡೆಯುತ್ತದೆ. ಅದಕ್ಕಿಂತ ಆಚೆಯ ಆರ್ಡರ್ ಬಂದರೆ ಕಬಾಬ್ ತಗೊಳ್ಳಿ ಅನ್ನುತ್ತೇನೆ.