ಜಾಲತಾಣದ ಚಿತ್ರಗಳ ಬಣ್ಣ ಪರದೆಯಿಂದ ಪರದೆಗೆ ಬದಲಾಗುವುದೇಕೆ, ಅದಕ್ಕೆ ಏನು ಮಾಡಬೇಕು

ಮಾರಾಟಕ್ಕೆಂದು ಜಾಲತಾಣದಲ್ಲಿ ಹಾಕಿದ ಇಳಕಲ್ ಸೀರೆಯ ಕೆಂಪು ಸೆರಗು ಹಾಕಿದವರ ಕಂಪ್ಯೂಟರಿನಲ್ಲಿ ಒಂದು ಬಗೆಯಾಗಿಯೂ ಕೊಳ್ಳುವವರ ಕಂಪ್ಯೂಟರಿನಲ್ಲಿ ಇನ್ನೊಂದು ಬಗೆಯಾಗಿಯೂ ಕಾಣಿಸುವುದಕ್ಕೆ ಎರಡು ಕಾರಣಗಳಿವೆ. ಒಂದು ಚಿತ್ರದ ಫೈಲಿನಲ್ಲಿದೆ, ಇನ್ನೊಂದು ಪರದೆಯಲ್ಲಿದೆ. ಮೊದಲನೆಯದನ್ನು ಚಿತ್ರ ಹಾಕುವವರು ಪೂರ್ತಿಯಾಗಿ ಸರಿಪಡಿಸಬಹುದು. ಎರಡನೆಯದನ್ನು ತಮ್ಮ ಪರದೆಯ ಮಟ್ಟಿಗೆ ಮಾತ್ರ.

ಫೈಲಿನಲ್ಲಿ ನಿಜವಾಗಿ ಬಣ್ಣವಿರುವುದಿಲ್ಲ. ಸಾಮಾನ್ಯ ಜೆಪೆಗ್ ಚಿತ್ರವನ್ನು ತೆರೆದಾಗ ಪ್ರತಿ ಪಿಕ್ಸೆಲ್‌ಗೂ ದೊರೆಯುವುದು ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು 0ಯಿಂದ 255ರವರೆಗೆ ಹೇಳುವ ಮೂರು ಅಂಕಿಗಳು. ಆ ಅಂಕಿಗಳಿಗೆ ಅರ್ಥ ಕೊಡುವುದು ಚಿತ್ರದೊಡನೆ ಸೇರಿಸಿರುವ ಕಲರ್ ಪ್ರೊಫೈಲ್. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೂಚಿಸಿದ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯೇ ಇಂದಿಗೂ ಜಾಲದ ಸಾಮಾನ್ಯ ಪ್ರೊಫೈಲ್. 1998ರ ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಅಳತೆಯ ಬಣ್ಣವ್ಯಾಪ್ತಿ ಅದಕ್ಕಿಂತ ವಿಶಾಲವಾದದ್ದು, ಮುಖ್ಯವಾಗಿ ಹಸಿರಿನ ಕಡೆಗೆ. ಎಸ್‌ಆರ್‌ಜಿಬಿಯಲ್ಲಿ 255 ಎಂದು ಬರೆಯುವ ಅಪ್ಪಟ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಸುಮಾರು 219 ಎಂದು ಬರೆಯಲಾಗುತ್ತದೆ. ಪ್ರೊಫೈಲ್ ಕಳೆದುಹೋದ ಇಂಥ ಚಿತ್ರದ 219ನ್ನು ಬ್ರೌಸರ್ ಎಸ್‌ಆರ್‌ಜಿಬಿಯ ಅಂಕಿಯೆಂದೇ ಓದುವುದರಿಂದ ಕೆಂಪು ಮಂಕಾಗುತ್ತದೆ. ವಿಶಾಲ ಬಣ್ಣವ್ಯಾಪ್ತಿಯ ಪರದೆಯಲ್ಲಿ ಪ್ರೊಫೈಲನ್ನು ಲೆಕ್ಕಿಸದ ತಂತ್ರಾಂಶ ಇದಕ್ಕೆ ವಿರುದ್ಧವಾದ ತಪ್ಪು ಮಾಡಿ, ಸಾಧಾರಣ ಕೆಂಪನ್ನೂ ಕಣ್ಣಿಗೆ ಹೊಡೆಯುವಂತೆ ತೋರಿಸುತ್ತದೆ.

ಆದ್ದರಿಂದ ಜಾಲಕ್ಕೆ ಹಾಕುವ ಮುನ್ನ ಚಿತ್ರವನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಬೇಕು. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ‘ಇಮೇಜ್’ ಮೆನುವಿನ ‘ಕಲರ್ ಮ್ಯಾನೇಜ್‌ಮೆಂಟ್’ ಅಡಿಯಲ್ಲಿ ‘ಕನ್ವರ್ಟ್ ಟು ಕಲರ್ ಪ್ರೊಫೈಲ್’ ಎಂಬ ಆಯ್ಕೆಯಿದೆ. ಅದೇ ಪಟ್ಟಿಯಲ್ಲಿರುವ ‘ಅಸೈನ್’ ಅನ್ನು ಒತ್ತಬಾರದು. ಅದು ಅಂಕಿಗಳನ್ನು ಹಾಗೆಯೇ ಬಿಟ್ಟು ಅವುಗಳ ಅರ್ಥವನ್ನಷ್ಟೇ ಬದಲಿಸುವುದರಿಂದ, ತಪ್ಪಿಸಬೇಕೆಂದಿದ್ದ ಕೆಡುಕನ್ನು ನಾವೇ ಮಾಡಿದಂತಾಗುತ್ತದೆ. ಉಳಿಸುವಾಗ ಪ್ರೊಫೈಲನ್ನೂ ಜೊತೆಗೆ ಉಳಿಸುವ ಗುರುತನ್ನು ಹಾಕಿಡಬೇಕು. ಅದರಿಂದ ಫೈಲಿನ ಗಾತ್ರ ಕೆಲವು ಕಿಲೋಬೈಟ್ ಹೆಚ್ಚಬಹುದು, ಅಷ್ಟೆ. ಕ್ಯಾಮೆರಾದಲ್ಲೇ ಎಸ್‌ಆರ್‌ಜಿಬಿ ಆರಿಸಿಕೊಂಡರೆ ಜೆಪೆಗ್ ಚಿತ್ರಗಳಿಗೆ ಈ ಪರಿವರ್ತನೆಯ ಶ್ರಮವೇ ಇಲ್ಲ.

ಇನ್ನು ಪರದೆ. ಬಣ್ಣ ತಿದ್ದುವ ಮೊದಲು ವಿಂಡೋಸ್‌ನ ‘ನೈಟ್ ಲೈಟ್’, ಆಪಲ್ ಸಾಧನಗಳ ‘ನೈಟ್ ಶಿಫ್ಟ್’ ಮತ್ತು ‘ಟ್ರೂ ಟೋನ್’ ಸೌಲಭ್ಯಗಳನ್ನು ಆಫ್ ಮಾಡಬೇಕು. ಇವು ಬಿಳಿಯನ್ನು ಹಳದಿಯತ್ತ ವಾಲಿಸಬಲ್ಲವು. ಮಾನಿಟರಿನ ಮೆನುವಿನಲ್ಲಿ ಎಸ್‌ಆರ್‌ಜಿಬಿ ಎಂಬ ಆಯ್ಕೆಯಿದ್ದರೆ ಅದನ್ನೂ, ಇಲ್ಲವಾದರೆ 6500 ಕೆಲ್ವಿನ್ (ಇದು ಬಿಳಿಯ ಛಾಯೆಯ ಅಳತೆ) ಬಿಳಿಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿರುವ ಟಿಎನ್ ಎಂಬ ಬಗೆಯ ಪರದೆಯಲ್ಲಿ ತಲೆಯನ್ನು ತುಸು ಮೇಲೆ ಕೆಳಗೆ ಮಾಡಿದರೂ ಛಾಯೆ ಬದಲಾಗುತ್ತದೆಯಾದ್ದರಿಂದ ಅಂಥದರ ಮುಂದೆ ಕುಳಿತು ಬಣ್ಣ ತಿದ್ದುವುದು ನನ್ನ ಅಭಿಪ್ರಾಯದಲ್ಲಿ ವ್ಯರ್ಥ ಪ್ರಯಾಸ. ವ್ಯಾಪಾರ ಬಣ್ಣವನ್ನೇ ನೆಚ್ಚಿಕೊಂಡಿದ್ದರೆ, ಪರದೆಯ ಮೇಲಿಟ್ಟು ಬೆಳಕನ್ನು ಅಳೆದು ಆ ಪರದೆಗೇ ಪ್ರೊಫೈಲ್ ಸಿದ್ಧಪಡಿಸಿಕೊಡುವ ಕ್ಯಾಲಿಬ್ರೇಟರ್ ಕೊಳ್ಳಬಹುದು.

ಕೊಳ್ಳುವವರ ಪರದೆಯ ಮೇಲೆ ನಮಗೆ ಹಿಡಿತವಿಲ್ಲ. ಯಾರದೋ ಫೋನಿನಲ್ಲಿ ಸೆರಗು ಕಪ್ಪಾಗಿ ಕಂಡಿತೆಂದು ಮೂಲ ಚಿತ್ರವನ್ನು ಬೆಳ್ಳಗೆ ಮಾಡಿದರೆ ಉಳಿದ ಪರದೆಗಳಲ್ಲಿ ಅದು ಕೆಡುತ್ತದೆ. ಅದರ ಬದಲು ಕಡುಗೆಂಪು, ಕುಂಕುಮಗೆಂಪು ಎಂದು ಬಣ್ಣದ ಹೆಸರನ್ನು ಚಿತ್ರದ ಕೆಳಗೆ ಬರೆಯಬಹುದು.