ಕತ್ತರಿ ಹಾಕುವ ಮೊದಲು

ಬಟ್ಟೆ ಎಲ್ಲ ಕಡೆ ಒಂದೇ ಸಮನಾಗಿ ಹಳೆಯದಾಗುವುದಿಲ್ಲ. ಹಳೆಯದನ್ನು ಬಿಚ್ಚಿ ಹೊಸ ಉಡುಪು ಹೊಲಿಯಲು ಹೊರಟವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದನ್ನು, ಹೊಲಿಗೆ ಆಮೇಲಿನದು. ಗಂಡಸರ ಅಂಗಿಯಲ್ಲಿ ಕಾಲರಿನ ಮಡಿಕೆ, ತೋಳಿನ ಕಫ್ ಮೊದಲು ಹರಿಯುತ್ತವೆ, ಬೆನ್ನು ಗಟ್ಟಿಯಾಗಿಯೇ ಇರುತ್ತದೆ. ಜೀನ್ಸ್ ತೊಡೆಯ ಒಳಭಾಗದಲ್ಲಿ ಸವೆಯುತ್ತದೆ. ಹಾಸಿಗೆಯ ಚಾದರು ನಡುವೆ ಜಾಳಾಗಿ ಸುತ್ತಲೂ ಚೆನ್ನಾಗಿರುತ್ತದೆ. ಸೀರೆಯಲ್ಲಿ ಸೋಲುವುದು ಪಾದಕ್ಕೆ ತಾಗುವ ದಡಿ, ಹೆಗಲ ಮೇಲೆ ಪಿನ್ನು ಚುಚ್ಚುವ ಜಾಗ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರೆ ಆ ಮಡಿಕೆಯ ಗೆರೆ. ಸೆರಗಿನ ಎದುರು ತುದಿ, ಅಂದರೆ ಉಡುವಾಗ ಮೊದಲು ಸೊಂಟಕ್ಕೆ ಸಿಕ್ಕಿಸುವ ಭಾಗ, ಬಿಸಿಲು ಕಾಣದೆ ಬಣ್ಣವನ್ನೂ ಬಲವನ್ನೂ ಉಳಿಸಿಕೊಂಡಿರುತ್ತದೆ.

ಹಾಗಾಗಿ ನನ್ನ ಕೆಲಸ ಶುರುವಾಗುವುದು ಹೊಲಿಗೆ ಯಂತ್ರದ ಮುಂದಲ್ಲ, ಕಿಟಕಿಯ ಬಳಿ. ಒಗೆದು ಒಣಗಿಸಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೊಳ ಮೊಳವಾಗಿ ಸರಿಸುತ್ತ ಹೋಗುತ್ತೇನೆ. ಅನುಮಾನ ಬಂದಲ್ಲಿ ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಜಗ್ಗುತ್ತೇನೆ. ಎಳೆ ಸರಿದರೆ ಅಥವಾ ಸಣ್ಣಗೆ ಹರಿಯುವ ಸಪ್ಪಳ ಕೇಳಿಸಿದರೆ ಅಲ್ಲಿ ಚಾಕ್‌ನಿಂದ ಸುತ್ತು ಹಾಕುತ್ತೇನೆ. ಸುತ್ತು ಹಾಕಿದ್ದನ್ನು ಬಿಟ್ಟು ಉಳಿದದ್ದರಲ್ಲಿ ಏನು ಹೊರಡುತ್ತದೆಯೋ ಅದನ್ನೇ ಹೊಲಿಯುವುದು. ಇಂಥದ್ದೇ ಬೇಕು ಎಂದು ಮೊದಲೇ ಚಿತ್ರ ನೋಡಿ ನಿರ್ಧರಿಸಿ ಕುಳಿತವರು ಜೀರ್ಣವಾದ ಬಟ್ಟೆಯನ್ನೂ ಕಂಕುಳಿಗೆ ತಂದು ಕೂರಿಸುತ್ತಾರೆ, ಅದು ಮೊದಲ ಒಗೆತಕ್ಕೇ ಬಾಯಿ ಬಿಡುತ್ತದೆ. ಮಡಿಕೆಯಲ್ಲಿ ಸೀಳಿದ ರೇಷ್ಮೆಯನ್ನಂತೂ ನಾನು ಮೈಮೇಲೆ ಬರುವ ಯಾವುದಕ್ಕೂ ಬಳಸುವುದಿಲ್ಲ. ಇಂದು ಒಂದು ಕಡೆ ಸೀಳಿದ್ದು ನಾಳೆ ಪಕ್ಕದಲ್ಲಿ ಸೀಳುತ್ತದೆ.

ನಮ್ಮ ಮನೆ ಧಾರವಾಡದಲ್ಲಿ. ಅತ್ತೆಯವರು ಹದಿನೆಂಟು ಮೊಳದ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದವರು. ಮೊಣಕಾಲು ನೋವು ಹೆಚ್ಚಿದ ಮೇಲೆ ಚಿಕ್ಕ ಸೀರೆಗೆ ಬಂದರು, ದೊಡ್ಡವನ್ನು ನನ್ನ ಕೈಗೆ ಕೊಟ್ಟರು. "ವೈನಿ, ಅವ್ವನ ಸೀರೆಗೆ ಕತ್ತರಿ ಹಾಕುತ್ತೀರಾ?" ಎಂದು ನಾದಿನಿ ಹುಬ್ಬು ಗಂಟಿಕ್ಕಿದಳು. "ಹಾಕಲಿ ಬಿಡು, ಕಪಾಟಿನಲ್ಲಿ ಇಟ್ಟು ಯಾರಿಗೆ ತೋರಿಸಬೇಕು" ಎಂದು ಅತ್ತೆಯವರೇ ಮಾತು ಮುಗಿಸಿದರು.

ಹದಿನೆಂಟು ಮೊಳ ಎಂದರೆ ಒಂಬತ್ತು ಗಜ, ಎಂಟು ಮೀಟರಿಗೂ ತುಸು ಹೆಚ್ಚು. ಕಚ್ಚೆ ಹಾಯುವ ಜಾಗ ತಿಕ್ಕಾಟದಿಂದ ತೆಳುವಾಗಿದ್ದರೂ ಒಂದು ಕುರ್ತಾಕ್ಕೆ ಬೇಕಾದ ಎರಡೂವರೆ ಮೀಟರ್ ಗಟ್ಟಿ ಬಟ್ಟೆ ಅದರಲ್ಲಿ ಸಲೀಸಾಗಿ ಸಿಗುತ್ತದೆ. ಆದರೆ ಇಳಕಲ್ ಸೀರೆ ಒಂದೇ ಬಟ್ಟೆಯಲ್ಲ ಎಂಬುದನ್ನು ನೆನಪಿಡಬೇಕು. ಅತ್ತೆಯವರ ಸೀರೆಯ ಒಡಲು ಹತ್ತಿಯದು, ಕೆಂಪು ಸೆರಗಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ, ರೇಷ್ಮೆಯದು. ಮಗ್ಗದ ಮೇಲೆಯೇ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆ ಕುರ್ತಾದ ಎದೆಯ ಮೇಲೋ ಪಕ್ಕದ ಹೊಲಿಗೆಯಲ್ಲೋ ಬರಬಾರದು. ಒಂದು ಬದಿಗೆ ಇಸ್ತ್ರಿಯ ಬಿಸಿ ಹೆಚ್ಚು ಬೇಕು, ಇನ್ನೊಂದು ಬದಿಗೆ ಅದೇ ಬಿಸಿ ಅಪಾಯ. ನಾನು ಸೆರಗನ್ನು ಕೊಂಡಿಯ ಸಮೇತ, ಗೇಣುದ್ದ ಒಡಲನ್ನೂ ಸೇರಿಸಿ ಬೇರೆ ತೆಗೆದು ಓಢಣಿ ಮಾಡಿದೆ. ಸೆರಗಿನಲ್ಲಿ ನೇಯ್ದ ತೋಪು ತೆನೆ ವಿನ್ಯಾಸದ ಆ ಬಿಳಿ ಗೋಪುರಗಳನ್ನು ತುಂಡರಿಸಲು ಮನಸ್ಸೂ ಬರಲಿಲ್ಲ.

ಕುರ್ತಾಕ್ಕೆ ಒಡಲನ್ನು ಅಡ್ಡ ತಿರುಗಿಸಿ ಕತ್ತರಿಸಿದೆ. ಸೀರೆಯ ಅಗಲವೇ ಕುರ್ತಾದ ಉದ್ದವಾಗುತ್ತದೆ, ದಡಿ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ, ಕೆಳಗಿನ ಅಂಚು ಮಡಿಸಿ ಹೊಲಿಯುವ ಕೆಲಸವೇ ಇಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಸೀರೆಯ ಎರಡು ದಡಿಗಳಲ್ಲಿ ಪಾದದ ಕಡೆಯದು ನೆಲಕ್ಕೆ ತಾಗಿ ನುಗ್ಗಾಗಿರುತ್ತದೆ, ಸೊಂಟದ ಕಡೆಯದು ಹೊಸದರಂತಿರುತ್ತದೆ. ಆದ್ದರಿಂದ ಸೊಂಟದ ದಡಿಯನ್ನು ಕುರ್ತಾದ ಕೆಳಭಾಗಕ್ಕೆ ಇಟ್ಟು, ಪಾದದ ದಡಿಯನ್ನು ಹೆಗಲ ಕಡೆ ಕತ್ತರಿಸಿ ತೆಗೆದೆ. ಈ ಸೀರೆಯ ಅಗಲ 48 ಇಂಚು, ಗೋಮಿ ಎಂಬ ವಿನ್ಯಾಸದ ದಡಿ 4 ಇಂಚು. ಒಂದು ದಡಿ ಹೋದರೂ 44 ಇಂಚು ಉಳಿಯಿತು, 42 ಇಂಚಿನ ಕುರ್ತಾಕ್ಕೆ ಅದು ಧಾರಾಳ. ಹೀಗೆ ತಿರುಗಿಸಿದಾಗ ಹಾಸು ಅಡ್ಡಕ್ಕೆ, ನೇಯುವಾಗ ಅಡ್ಡ ಹಾಯುವ ಹೊಕ್ಕು ಉದ್ದಕ್ಕೆ ಬರುತ್ತದೆ. ಎದೆಯ ಬಳಿ ಬಟ್ಟೆಯನ್ನು ಜಗ್ಗುವುದು ಅಡ್ಡಕ್ಕೇ ತಾನೆ? ಆ ಭಾರವನ್ನು ಗಟ್ಟಿಯಾದ ಹಾಸು ಹೊರುತ್ತದೆ.

ಅಳತೆಗೆ ನನಗೆ ಸರಿಯಾಗಿ ಕೂರುವ ಒಂದು ಕುರ್ತಾವನ್ನು ದಿನಪತ್ರಿಕೆಯ ಮೇಲೆ ಹರಡಿ ಗೆರೆ ಎಳೆದುಕೊಂಡೆ. ಎದೆಯ ಸುತ್ತಳತೆ 36 ಇಂಚಾದರೆ ಕಾಲು ಭಾಗ 9, ಸಡಿಲಕ್ಕೆ ಒಂದೂವರೆ, ಹೊಲಿಗೆಗೆ ಒಂದು; ಮಡಿಸಿದ ಬಟ್ಟೆಯ ಮೇಲೆ 11½ ಇಂಚಿಗೆ ಗುರುತು. ಹೊಸ ಬಟ್ಟೆಗೆ ಸಡಿಲ ಕಡಿಮೆ ಬಿಟ್ಟರೂ ನಡೆಯುತ್ತದೆ, ಹಳೆಯದಕ್ಕೆ ಬಿಗಿ ಒಗ್ಗುವುದಿಲ್ಲ. ಒಳಗೆ ಲೈನಿಂಗ್ ಕೊಡುವುದಾದರೆ ಅದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಸೀರೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಮುಗಿದಿದೆ, ಲೈನಿಂಗ್ ಇನ್ನೂ ಶುರು ಮಾಡಿಲ್ಲ.

ಈ ಸೀರೆಯ ಒಡಲಲ್ಲಿ ಅಲ್ಲಲ್ಲಿ ಕಸೂತಿ ಇತ್ತು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆಗಳ ಚೆಲುವೇ ಹಿಂದೆ ಮುಂದೆ ಒಂದೇ ರೀತಿ ಕಾಣುವುದರಲ್ಲಿದೆ. ಅದರ ನಡುವೆ ಕತ್ತರಿ ಹಾಯಿಸಿದರೆ ಗೋಪುರವೋ ತೇರೋ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಕತ್ತರಿಸಲೇಬೇಕಾದ ಕಡೆ ಗೆರೆಯ ಎರಡೂ ಬದಿಗೆ ಅದೇ ಬಣ್ಣದ ದಾರದಿಂದ ಕೈಯಲ್ಲೇ ಹಿಂಹೊಲಿಗೆ ಹಾಕಿ, ಆಮೇಲೆ ನಡುವೆ ಕತ್ತರಿಸಿದೆ.

ಯಂತ್ರಕ್ಕೆ 11ನೇ ನಂಬರಿನ ಹೊಸ ಸೂಜಿ. ಮೊಂಡಾದ ಸೂಜಿ ಹಳೆಯ ಎಳೆಯನ್ನು ಸರಿಸುವ ಬದಲು ತುಂಡರಿಸುತ್ತದೆ. ಟಾಕು ತೀರ ಸಣ್ಣದಾಗಿರಬಾರದು. ಒತ್ತೊತ್ತಾಗಿ ಬಿದ್ದ ತೂತುಗಳ ಸಾಲಿನಲ್ಲಿ ಬಟ್ಟೆ ಅಂಚೆಚೀಟಿಯಂತೆ ಹರಿದು ಬರುತ್ತದೆ. ಪಕ್ಕದ ಹೊಲಿಗೆಗಳನ್ನು ಎರಡು ಸುತ್ತು ಹಾಕುತ್ತೇನೆ. ಮೊದಲು ಬಟ್ಟೆಯ ಸುಲಟಾ, ಅಂದರೆ ಸರಿ ಬದಿ ಹೊರಗಿಟ್ಟು ಕಾಲು ಇಂಚಿನಲ್ಲಿ ಒಂದು ಹೊಲಿಗೆ, ಎಳೆಗಳನ್ನು ಕತ್ತರಿಸಿ ಒಳಗೆ ತಿರುಗಿಸಿ ಮತ್ತೊಂದು. ಕತ್ತರಿಸಿದ ಅಂಚು ಒಳಗೇ ಸಿಕ್ಕಿ ಬೀಳುವುದರಿಂದ ಓವರ್‌ಲಾಕ್ ಮಾಡಿಸಲು ಅಂಗಡಿಗೆ ಅಲೆಯಬೇಕಿಲ್ಲ.

ಹೊಸಬರು ಸೀರೆಯಿಂದ ಶುರು ಮಾಡಬೇಡಿ ಎನ್ನುತ್ತೇನೆ. ಗಂಡಸರ ಹತ್ತಿ ಅಂಗಿಯಿಂದ ಮಗುವಿನ ಫ್ರಾಕ್ ಸುಲಭ, ಏಕೆಂದರೆ ಅರ್ಧ ಕೆಲಸ ಅಂಗಿಯಲ್ಲೇ ಮುಗಿದಿರುತ್ತದೆ. ಅಂಗಿಯನ್ನು ಹಿಂದುಮುಂದಾಗಿ ಇಡಿ. ಗುಂಡಿಪಟ್ಟಿ ಫ್ರಾಕಿನ ಬೆನ್ನಿಗೆ ಬರುತ್ತದೆ, ಕಾಜಾ ಹೊಲಿಯುವ ತಲೆನೋವಿಲ್ಲ. ಗಟ್ಟಿಯಾದ ಬೆನ್ನಿನ ಬಟ್ಟೆ ಫ್ರಾಕಿನ ಮುಂಭಾಗವಾಗುತ್ತದೆ. ಕಾಲರನ್ನು ಪಟ್ಟಿಸಮೇತ ತೆಗೆದು, ಮಗುವಿನ ಅಳತೆಗೆ ಕೊರಳು ಕಂಕುಳು ಕತ್ತರಿಸಿ, ಅಂಗಿಯ ತೋಳಿನಿಂದಲೇ ಓರೆಪಟ್ಟಿ ತೆಗೆದು ಸುತ್ತ ಹೊಲಿದರೆ ಆಯಿತು. ಜೇಬನ್ನು ಮಾತ್ರ ಯೋಚಿಸಿ ಬಿಚ್ಚಿ. ಅದರ ಕೆಳಗಿನ ಬಟ್ಟೆ ಬಣ್ಣ ಕಳೆದುಕೊಂಡಿರುವುದಿಲ್ಲ, ಹಾಗಾಗಿ ಬಿಚ್ಚಿದ ಮೇಲೆ ಚೌಕಾಕಾರದ ಗಾಢ ಕಲೆ ಉಳಿಯುತ್ತದೆ. ನಾನು ಜೇಬನ್ನು ಹಾಗೆಯೇ ಬಿಡುತ್ತೇನೆ. ಫ್ರಾಕಿನ ಬೆನ್ನ ಮೇಲೆ ಜೇಬು ಯಾಕೆ ಎಂದು ಮಗು ಕೇಳುತ್ತದೆ, ಕೇಳಲಿ.

ಜೀನ್ಸ್ ನನಗೆ ಅಷ್ಟು ಪ್ರಿಯವಲ್ಲ. ಚೀಲ ಹೊಲಿಯುವುದಾದರೆ 16ನೇ ನಂಬರಿನ ಸೂಜಿ ಬೇಕು. ದಪ್ಪ ಜೋಡಣೆ ಬಂದಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದ ಓರೆಯಾಗಿ ಏರುವುದರಿಂದ ಅದರ ಹಿಂದೆ ಮಡಿಸಿದ ಬಟ್ಟೆಯ ತುಂಡೊಂದನ್ನು ಇಟ್ಟು ಎತ್ತರ ಸಮ ಮಾಡಿಕೊಳ್ಳಬೇಕು.

ಇದನ್ನೆಲ್ಲ ದರ್ಜಿಯ ಕೈಗೆ ಕೊಡಬಾರದೇ ಎಂದು ಕೇಳುವವರಿದ್ದಾರೆ. ಹಳೆಯ ಬಟ್ಟೆ ಕಂಡರೆ ದರ್ಜಿಗಳು ಮುಖ ತಿರುಗಿಸುತ್ತಾರೆ, ಅವರ ತಪ್ಪೂ ಅಲ್ಲ. ಒಂದು ಅಂಗಿ ಬಿಚ್ಚುವ ಹೊತ್ತಿನಲ್ಲಿ ಅವರು ಒಂದು ರವಿಕೆ ಹೊಲಿದು ಮುಗಿಸಬಲ್ಲರು, ಬಿಚ್ಚುವ ಕೂಲಿಯನ್ನು ಯಾರೂ ಕೊಡುವುದಿಲ್ಲ. ಮನೆಯಲ್ಲಿ ಅದೇ ಕೆಲಸ ಸಂಜೆಯ ಹರಟೆಯ ಜೊತೆ ಆಗಿಬಿಡುತ್ತದೆ. ಒಂದು ಬದಿಯಲ್ಲಿ ನಾಲ್ಕು ಟಾಕಿಗೊಂದರಂತೆ ಬ್ಲೇಡಿನಿಂದ ಕತ್ತರಿಸುತ್ತ ಹೋಗಿ, ಇನ್ನೊಂದು ಬದಿಯ ದಾರವನ್ನು ಜಗ್ಗಿದರೆ ಉದ್ದಕ್ಕೆ ಬಂದುಬಿಡುತ್ತದೆ. ಹೊಲಿಗೆಯನ್ನು ಎರಡೂ ಕಡೆಗೆ ಹಿಗ್ಗಿಸಿ ಕೀಳುವುದು ಹಳೆಯ ಬಟ್ಟೆಗೆ ಸಲ್ಲದು.

ಉಳಿದ ತುಂಡುಗಳಲ್ಲಿ ಅಂಗೈ ಅಗಲದವು ಕೌದಿಗೆ. ಅತ್ತೆಯವರು ಕುಳಿತಲ್ಲೇ ಅವನ್ನು ಬಣ್ಣ ನೋಡಿ ಜೋಡಿಸಿ, ನಾನು ತೆಳುವೆಂದು ಸುತ್ತು ಹಾಕಿದ ಕಚ್ಚೆಯ ಭಾಗವನ್ನು ಒಳಪದರಕ್ಕೆ ಹಾಕಿ ಟಾಕುತ್ತಾರೆ. ಒಳಪದರಕ್ಕೆ ಜಗ್ಗಾಟ ಇಲ್ಲದ್ದರಿಂದ ಜೀರ್ಣವಾದದ್ದೂ ನಡೆಯುತ್ತದೆ. ಟೆರಿಕಾಟ್ ತುಂಡುಗಳನ್ನು ಮಾತ್ರ ಅವರು ಮುಟ್ಟುವುದಿಲ್ಲ, ಹೊದ್ದರೆ ಬೆವರುತ್ತದೆ ಎನ್ನುತ್ತಾರೆ. ಅವು ಕಾಲೊರಸಿಗೆ ಹೋಗುತ್ತವೆ.