4ಕೆ ಸ್ಕ್ರೀನಿನ ಕಂಪ್ಯೂಟರ್ ತಗೊಳ್ಳೋ ಮುಂಚೆ ಒಂದು ಟೇಪ್ ಹಿಡಿದು ಕೂಡಿ

ಗದಗಿನಲ್ಲಿರುವ ನನ್ನ ಸೋದರಮಾವನ ಮಗ ಮೊನ್ನೆ ಫೋನ್ ಮಾಡಿದ್ದ. ಲಗ್ನದ ಆಲ್ಬಮ್ ಡಿಸೈನ್ ಮಾಡುತ್ತಾನೆ, ಜೊತೆಗೆ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಕೆಲಸವೂ ಇದೆ. "ಯಣ್ಣಾ, ಹುಬ್ಬಳ್ಳ್ಯಾಗ 4ಕೆ ಸ್ಕ್ರೀನ್ ನೋಡಿ ಬಂದೆ, ಭಾರಿ ಐತಿ. ತಗೋಬೇಕೋ ಬ್ಯಾಡೋ ಹೇಳು" ಅಂದ. ಅಂಗಡಿಯಲ್ಲಿ ಏನು ತೋರಿಸಿದರು ಅಂತ ಕೇಳಿದೆ. ಹುಲಿ, ಗಿಳಿ, ಜಲಪಾತ. ಅಲ್ಲಪ್ಪಾ, ನೀನು ದಿನಾ ಹುಲಿ ನೋಡ್ತಾ ಕೂಡ್ತೀಯಾ?

ಮೊದಲು ಲೆಕ್ಕ. ಸಾಮಾನ್ಯ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ (ಪಿಕ್ಸೆಲ್), ಅಂದರೆ ಸುಮಾರು 20 ಲಕ್ಷ. 4ಕೆಯಲ್ಲಿ 3840 ಮತ್ತು 2160, ಸುಮಾರು 83 ಲಕ್ಷ. ನಾಲ್ಕು ಪಟ್ಟು ಜಾಸ್ತಿ ಅಂದ ಕೂಡಲೇ ನಾಲ್ಕು ಪಟ್ಟು ಚೆನ್ನಾಗಿ ಕಾಣುತ್ತದೆ ಅಂತ ಅಂದುಕೊಳ್ಳಬೇಡಿ, ಯಾಕಂದರೆ ಅದು ನೀವು ಎಷ್ಟು ದೂರ ಕೂಡುತ್ತೀರಿ ಅನ್ನೋದರ ಮೇಲೆ ನಿಂತಿದೆ.

ಅದಕ್ಕೇ ಟೇಪ್. ಎಂದಿನ ಹಾಗೆ ಕುರ್ಚಿಯಲ್ಲಿ ಕೂತು, ಕಣ್ಣಿನಿಂದ ಸ್ಕ್ರೀನಿಗೆ ಎಷ್ಟು ಇಂಚು ಅಂತ ಮನೆಯವರ ಕೈಯಲ್ಲಿ ಅಳತೆ ಮಾಡಿಸಿ (ನೀವೇ ಅಳೆಯಲು ಹೋದರೆ ಮುಂದಕ್ಕೆ ಬಾಗುತ್ತೀರಿ, ಲೆಕ್ಕ ತಪ್ಪುತ್ತದೆ). ಈಗ 3440ನ್ನು ಸ್ಕ್ರೀನಿನ ಒಂದು ಇಂಚಿನಲ್ಲಿರುವ ಚುಕ್ಕೆಗಳಿಂದ ಭಾಗಿಸಿ. ಬರುವ ಉತ್ತರಕ್ಕಿಂತ ಹತ್ತಿರ ಕೂತರೆ ಮಾತ್ರ ಸರಿಯಾದ ದೃಷ್ಟಿ ಇರುವವರಿಗೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಇಂಚಿಗೆ 92 ಚುಕ್ಕೆ, ಉತ್ತರ 37 ಇಂಚು, ಮೂರು ಅಡಿ ಚಿಲ್ಲರೆ. 27 ಇಂಚಿನ 4ಕೆಯಲ್ಲಿ ಇಂಚಿಗೆ 163, ಉತ್ತರ 21 ಇಂಚು. ನಡುವಿನದೊಂದಿದೆ, 2560 ಮತ್ತು 1440ರ ಕ್ಯೂಎಚ್‌ಡಿ. 27 ಇಂಚಿನಲ್ಲಿ ಇಂಚಿಗೆ 109, ಉತ್ತರ ಸುಮಾರು 32 ಇಂಚು. ನೀವು ಎರಡು ಅಡಿಯಲ್ಲಿ ಕೂಡುವವರಾದರೆ 4ಕೆಯ ಲಾಭ ಕಣ್ಣಿಗೆ ಕಾಣುತ್ತದೆ. ಮೂರೂವರೆ ಅಡಿ ದೂರ ಕೂತು ಟ್ಯಾಲಿಯಲ್ಲಿ ಬಿಲ್ ಹಾಕುವವರು ಸುಮ್ನೆ ದುಡ್ಡು ಹಾಕಬೇಡಿ.

ಕನ್ನಡ ಟೈಪ್ ಮಾಡುವವರಿಗೆ ಮಾತ್ರ ನನ್ನ ಸಲಹೆ ಸ್ವಲ್ಪ ಬೇರೆ. ಇಂಗ್ಲಿಷ್ ಅಕ್ಷರ ಸಣ್ಣದಾದರೂ ಓದಬಹುದು. ನಮ್ಮ ಒತ್ತಕ್ಷರ ನೋಡಿ, "ಸ್ತ್ರೀ", "ರಾಷ್ಟ್ರ", "ವೈಶಿಷ್ಟ್ಯ" ಇಂಥವು ಒಂದರ ಕೆಳಗೊಂದು ಇಳಿಯುತ್ತವೆ, ಸಣ್ಣ ಸೈಜಿನಲ್ಲಿ ಫುಲ್ ಎಚ್‌ಡಿ ಸ್ಕ್ರೀನ್ ಮೇಲೆ ಎಲ್ಲಾ ಕಲಸಿ ಮಸಿ ಚೆಲ್ಲಿದ ಹಾಗೆ ಆಗುತ್ತದೆ. "ಪ" ಮತ್ತು "ಫ" ನಡುವಿನ ಸಣ್ಣ ಗೀಟು ಪ್ರೂಫ್ ನೋಡುವಾಗ ತಪ್ಪಿಹೋಗುತ್ತದೆ. ಹಗಲೆಲ್ಲಾ ಪ್ರೂಫ್ ನೋಡುವ ಕಣ್ಣಿಗೆ ಜಾಸ್ತಿ ಚುಕ್ಕೆ ಇದ್ದಷ್ಟೂ ಒಳ್ಳೆಯದು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ, ಅಲ್ಲಿನ ಪ್ರೆಸ್ಸಿನವರಿಗೆ ಇದು ನಾನು ಹೇಳಬೇಕಾಗಿಲ್ಲ.

ಆದರೆ ಅದೇ ಪ್ರೆಸ್ಸಿನವರಿಗೆ ಒಂದು ತೊಡಕೂ ಇದೆ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ ಇನ್ನೂ ಬಿಡದವರಿದ್ದಾರಲ್ಲ, ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಇಂಥ ಹಳೆ ಸಾಫ್ಟ್‌ವೇರಿಗೆ 4ಕೆ ಅಂದರೆ ಗೊತ್ತೇ ಇಲ್ಲ. ಒಂದೋ ಮೆನು ಸಾಸಿವೆ ಕಾಳಿನಷ್ಟು ಸಣ್ಣದಾಗುತ್ತದೆ, ಇಲ್ಲಾ ವಿಂಡೋಸ್ ಅದನ್ನು ಎಳೆದು ದೊಡ್ಡದು ಮಾಡಿ ಮಂಜು ಮಾಡುತ್ತದೆ. ಆಗ 4ಕೆ ತಗೊಂಡು ಏನು ಬಂತು? ಮ್ಯಾಕ್ ತಗೊಂಡರಂತೂ ಪೇಜ್‌ಮೇಕರ್ ನಡೆಯುವುದೇ ಇಲ್ಲ. ಹಾಗಾಗಿ ಕೆಲಸ ಯಾವ ಸಾಫ್ಟ್‌ವೇರಿನಲ್ಲಿ ನಡೀತಿದೆ ಅಂತ ಮೊದಲು ನೋಡಿ, ಆಮೇಲೆ ಸ್ಕ್ರೀನ್.

ಫೋಟೋ ಕೆಲಸದವರಿಗೆ ಲಾಭ ಜಾಸ್ತಿ. 12 ಇಂಚು ಎತ್ತರ, 36 ಇಂಚು ಅಗಲದ ಆಲ್ಬಮ್ ಹಾಳೆ, ಇಂಚಿಗೆ 300 ಚುಕ್ಕೆಯಂತೆ ಅಗಲಕ್ಕೇ 10800 ಆಗುತ್ತದೆ. ಫುಲ್ ಎಚ್‌ಡಿಯಲ್ಲಿ ಅದರ ಪೈಕಿ 1920 ಕಾಣುತ್ತವೆ, 4ಕೆಯಲ್ಲಿ 3840. ಮದುಮಗಳ ಕಣ್ಣು ಫೋಕಸ್ ಇದೆಯೋ ಇಲ್ಲವೋ ಅಂತ ಪದೇ ಪದೇ ಜೂಮ್ ಮಾಡೋದು ಕಡಿಮೆ ಆಗುತ್ತದೆ. ಒಂದು ಮಾತು: ಚುಕ್ಕೆ ಬೇರೆ, ಬಣ್ಣ ಬೇರೆ. 4ಕೆ ಇದ್ದರೂ ಪ್ಯಾನೆಲ್ ಕಳಪೆ ಇದ್ದರೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ್ದು) ಹೌದಾ, ಎಸ್‌ಆರ್‌ಜಿಬಿ (ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅನ್ನೋದರ ಅಳತೆ) 100% ಹತ್ತಿರ ಇದೆಯಾ ಅಂತ ಕೇಳಿ.

ಸ್ಕ್ರೀನ್ ಮತ್ತು ಕಂಪ್ಯೂಟರ್ ಒಂದರಲ್ಲೇ ಇರುವ ಮಾಡೆಲ್ ನೋಡೋಕೆ ಚಂದ. ಆಪಲ್ 2014ರಲ್ಲಿ ತಂದ 27 ಇಂಚಿನ 5ಕೆ ಐಮ್ಯಾಕ್ ನೋಡಿ ನಾನೇ ಆಸೆಪಟ್ಟಿದ್ದೆ. 2022ರಲ್ಲಿ 27 ಇಂಚಿನದನ್ನು ನಿಲ್ಲಿಸಿದರು, ಈಗಿರೋದು 24 ಇಂಚಿನ 4.5ಕೆ. ಅದರ ಮೆಮೊರಿ ಆಮೇಲೆ ಜಾಸ್ತಿ ಮಾಡೋಕೆ ಬರಲ್ಲ, ತಗೊಳ್ಳುವಾಗಲೇ ತಗೋಬೇಕು. ಸೆಕೆಂಡ್‌ಹ್ಯಾಂಡ್ 5ಕೆ ಐಮ್ಯಾಕ್ ಸಿಕ್ಕಿತು, ಮುಂದೆ ಬರೀ ಮಾನಿಟರ್ ಮಾಡಿಕೊಳ್ಳುತ್ತೇನೆ ಅನ್ನೋರಿದ್ದಾರೆ, ಅದು ನೇರವಾಗಿ ಆಗಲ್ಲ. ಒಳ್ಳೆಯ ಸ್ಕ್ರೀನ್ ಕಂಪ್ಯೂಟರಿಗಿಂತ ಜಾಸ್ತಿ ವರ್ಷ ಬಾಳುತ್ತದೆ, ಎರಡನ್ನೂ ಬೇರೆ ಬೇರೆ ತಗೊಳ್ಳಿ ಅನ್ನೋದೇ ನನ್ನ ಅಭಿಪ್ರಾಯ. ಒಂದು ಕೆಟ್ಟರೆ ಇನ್ನೊಂದನ್ನೂ ಹೊತ್ತುಕೊಂಡು ರಿಪೇರಿಗೆ ಹೋಗೋದು ತಪ್ಪುತ್ತದೆ.

ನಾನು ಮಾಡಿದ ತಪ್ಪೂ ಹೇಳಿಬಿಡುತ್ತೇನೆ. 4ಕೆ ಮಾನಿಟರ್ ತಂದು ಹಳೆ ಸಿಪಿಯುಗೆ ಜೋಡಿಸಿದೆ. ಮೌಸ್ ಕೆಸರಿನಲ್ಲಿ ಎತ್ತು ನಡೆದ ಹಾಗೆ ನಡೆಯಿತು. ಮಾನಿಟರೇ ಸರಿ ಇಲ್ಲ ಅಂತ ಮೂರು ದಿನ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ನನ್ನ ಸಿಪಿಯುದಲ್ಲಿ ಸ್ಕ್ರೀನಿನ ಕೇಬಲ್ ಹಾಕುವ ಜಾಗ ಇದ್ದದ್ದು ಎಚ್‌ಡಿಎಂಐ 1.4, ಅದು 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. 60 ಬೇಕಂದರೆ ಎಚ್‌ಡಿಎಂಐ 2.0 ಇಲ್ಲಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಪಕ್ಕದಲ್ಲೇ ಡಿಸ್‌ಪ್ಲೇಪೋರ್ಟ್ ಇತ್ತು, ಕೇಬಲ್ ಬದಲಿಸಿದೆ, ಮುಗೀತು.

ಈಗಿನ ಸಿಸ್ಟಮ್‌ನಲ್ಲಿ 8 ಜಿಬಿ ರ್‍ಯಾಮ್, ಹಳೆ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ವೇಗದ ಎಸ್‌ಎಸ್‌ಡಿ ಡಿಸ್ಕ್ ಮತ್ತು 16 ಜಿಬಿ ರ್‍ಯಾಮ್ ಹಾಕಿಸಿ. ಅರ್ಧ ಜನಕ್ಕೆ ಅಷ್ಟೇ ಸಾಕು. ಯುಪಿಎಸ್ ಮರೀಬೇಡಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಕಣ್ಣಾಮುಚ್ಚಾಲೆ ಆಡುತ್ತದೆ ಅಂತ ಗೊತ್ತಲ್ವಾ? ಮನೆ ಇನ್ವರ್ಟರ್ ಕೆಲವು ಸಲ ತಡವಾಗಿ ಬದಲಾಗಿ ಕಂಪ್ಯೂಟರ್ ಆಫ್ ಆಗಿಬಿಡುತ್ತದೆ. ನಿಮ್ಮ ಧಂದೆಗೆ ಜಿಎಸ್‌ಟಿ ನಂಬರ್ ಇದ್ದರೆ ಅದನ್ನು ಹಾಕಿಸಿಯೇ ಬಿಲ್ ತಗೊಳ್ಳಿ. 18% ತೆರಿಗೆ ಇದೆ, ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಯೋಜನೆಯಲ್ಲಿ ಇಲ್ಲದಿದ್ದರೆ ಅದರ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟುವ ತೆರಿಗೆಯಲ್ಲಿ ಕಳೆಯಬಹುದು.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಆಲ್ಬಮ್ ಪುಟ, ಒಂದು ಕನ್ನಡ ಪುಟ ಒಯ್ಯಿರಿ. ಜೊತೆಗೆ ಬರೀ ಬಿಳಿ, ಬರೀ ಕಪ್ಪು, ಬರೀ ಕೆಂಪು ಚಿತ್ರಗಳೂ ಇರಲಿ. ಸ್ಕ್ರೀನ್ ತುಂಬಾ ಹಾಕಿ ಸತ್ತ ಚುಕ್ಕೆ (ಬಣ್ಣ ಬದಲಿಸದೆ ಕೆಟ್ಟು ನಿಂತದ್ದು) ಇದೆಯಾ ನೋಡಿ, ದುಡ್ಡು ಕೊಡೋ ಮುಂಚೆ. ಫುಲ್ ಎಚ್‌ಡಿ ಮತ್ತು 4ಕೆ ಎರಡನ್ನೂ ಪಕ್ಕಪಕ್ಕ ಇಡಿಸಿ, ಮನೆಯಲ್ಲಿ ಅಳೆದಷ್ಟೇ ದೂರ ನಿಂತು ನೋಡಿ. ವ್ಯತ್ಯಾಸ ಹುಡುಕಬೇಕಾಗಿ ಬಂದರೆ ಕಡಿಮೆಯದೇ ತಗೊಳ್ಳಿ.

ನನ್ನ ಸೋದರಮಾವನ ಮಗ ಹಾಗೇ ನೋಡಿ 27 ಇಂಚಿನ 4ಕೆಯನ್ನೇ ತಗೊಂಡ, ಸಿಪಿಯು ಹಳೆಯದೇ ಉಳಿಸಿಕೊಂಡ. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿಲೋಮೀಟರ್, ಬಸ್ಸಿನಲ್ಲೇ ಒಯ್ಯುತ್ತೇನೆ ಅಂದ. ಡಬ್ಬಿಯನ್ನು ಮಲಗಿಸಬೇಡ, ನಿಲ್ಲಿಸಿ ಹಿಡ್ಕೋ ಅಂದೆ. ಕಿಟಕಿ ಸೀಟಿನಲ್ಲಿ ಡಬ್ಬಿ ಕೂತಿತ್ತಂತೆ, ಇವನು ನಿಂತೇ ಹೋದನಂತೆ.